ಪಟ್ಟಿಯಲ್ಲಿದ್ದವರ ತೀರ್ಪು: ಲಿಕ್ಟೆನ್‌ಸ್ಟೈನ್‌ನ ಜನಮತಗಣನೆಗಳು

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವಿನ ಲಿಕ್ಟೆನ್‌ಸ್ಟೈನ್‌ನ ವಿಸ್ತೀರ್ಣ 160 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 40,000. ಇಷ್ಟು ಪುಟ್ಟ ದೇಶದಲ್ಲಿ ದೊಡ್ಡ ಪ್ರಶ್ನೆಗಳನ್ನು ಜನರೇ ನೇರವಾಗಿ ತೀರ್ಮಾನಿಸುವುದು ಸಹಜವೆನಿಸುತ್ತದೆ. 1921ರ ಸಂವಿಧಾನ ಅದಕ್ಕೆ ದಾರಿ ಮಾಡಿಕೊಟ್ಟಿತು. ಈಗಿನ ನಿಯಮದಂತೆ 1,000 ಮತದಾರರು ಸಹಿ ಹಾಕಿದರೆ ಸಂಸತ್ತು ಒಪ್ಪಿದ ಕಾನೂನೂ ಜನರ ಮುಂದೆ ಬರಬೇಕು. ಸಂವಿಧಾನದ ತಿದ್ದುಪಡಿಗಾದರೆ 1,500 ಸಹಿ ಬೇಕು. ಕಳೆದ ತೊಂಬತ್ತು ವರ್ಷಗಳ ಈ ಮತದಾನಗಳನ್ನು ಒಟ್ಟಾಗಿ ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮತದಾರರು ತಮ್ಮೊಳಗೆ ಅಧಿಕಾರ ಹಂಚಿಕೊಳ್ಳುವ ಪ್ರಶ್ನೆಗೆ ಜನಮತಗಣನೆ ಹೊಂದಿಕೊಳ್ಳುತ್ತದೆ. ಆದರೆ ಮತದಾರರು ಯಾರು ಎಂಬುದೇ ಪ್ರಶ್ನೆಯಾದಾಗ ಅದು ಮುಗ್ಗರಿಸುತ್ತದೆ.

ಮೊದಲನೆಯದಕ್ಕೆ ಚುನಾವಣಾ ಪದ್ಧತಿಯ ಇತಿಹಾಸವೇ ಉದಾಹರಣೆ. ಪ್ರಮಾಣಾನುಗುಣ ಪ್ರಾತಿನಿಧ್ಯದ ಬೇಡಿಕೆಯನ್ನು 1935ರಲ್ಲಿ ಮತದಾರರು ತಳ್ಳಿಹಾಕಿದರು. 1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಮೇಲೆ ಲೆಕ್ಕಾಚಾರ ಬದಲಾಯಿತು. ಎರಡು ಮುಖ್ಯ ಪಕ್ಷಗಳು ಒಂದಾಗಿ ಸರ್ಕಾರ ನಡೆಸಿದವು, 1939ರಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯ ಕಾನೂನಾಯಿತು. ಅದರ ಜೊತೆಗೆ ಸ್ಥಾನ ಪಡೆಯಲು ಶೇ. 18ರಷ್ಟು ಮತಗಳ ಕನಿಷ್ಠ ಮಿತಿಯೂ ಬಂತು. ಬಾಗಿಲು ತೆರೆದಂತೆ ತೋರಿದರೂ ಮೂರನೆಯ ಪಕ್ಷಕ್ಕೆ ಅದು ಮುಚ್ಚಿಯೇ ಇತ್ತು. ಆ ಮಿತಿಯನ್ನು 1962ರಲ್ಲಿ ರದ್ದುಪಡಿಸಿದ್ದು ದೇಶದ ಸಾಂವಿಧಾನಿಕ ನ್ಯಾಯಾಲಯ. 1973ರಲ್ಲಿ ಶೇ. 8ರ ಮಿತಿ ಸಂವಿಧಾನದೊಳಗೇ ಸೇರಿತು. 1988ರಲ್ಲಿ ಸಂಸತ್ತಿನ ಸ್ಥಾನಗಳು 15ರಿಂದ 25ಕ್ಕೇರಿದವು. 1993ರಲ್ಲಿ ಹೊಸದೊಂದು ಪಕ್ಷ ಸಂಸತ್ತಿನೊಳಗೆ ಬಂತು. ಸುಧಾರಣೆ ನಿಧಾನವಾಗಿದ್ದರೂ ನಡೆಯಿತು, ಏಕೆಂದರೆ ಚೌಕಾಸಿ ಮಾಡುವವರೆಲ್ಲರ ಕೈಯಲ್ಲೂ ಮತವಿತ್ತು.

ಮಹಿಳೆಯರ ಮತದಾನದ ಪ್ರಶ್ನೆಯಲ್ಲಿ ಈ ಅನುಕೂಲವೇ ಇರಲಿಲ್ಲ. 1968ರಲ್ಲಿ ಸಲಹೆಗಾಗಿ ನಡೆದ ಮತದಾನದಲ್ಲಿ ಮಹಿಳೆಯರನ್ನೂ ಕೇಳಲಾಯಿತಾದರೂ, ನಿರ್ಣಾಯಕ ಮತದಾನಗಳಲ್ಲಿ ಗಂಡಸರು ಮಾತ್ರ ಇದ್ದರು. 1971ರಲ್ಲಿ ಸಂಸತ್ತು ಒಪ್ಪಿದ ಪ್ರಸ್ತಾವವನ್ನು ಶೇ. 51.1 ಗಂಡಸರು ನಿರಾಕರಿಸಿದರು. ಎರಡೇ ವರ್ಷಕ್ಕೆ, 1973ರಲ್ಲಿ, ನಿರಾಕರಣೆ ಶೇ. 55.9ಕ್ಕೆ ಏರಿತು, ಕಾಲ ತಾನಾಗಿಯೇ ಮನಸ್ಸು ಬದಲಿಸುತ್ತದೆ ಎಂಬ ನಂಬಿಕೆಗೆ ಈ ಅಂಕಿಯೇ ಪೆಟ್ಟು. ಬದಲಾವಣೆ ಬೇರೆ ಕಡೆಗಳಿಂದ ಬಂತು. 1976ರಲ್ಲಿ ರಾಜಧಾನಿ ವಡೂಸ್ ತನ್ನ ಸ್ಥಳೀಯ ಆಡಳಿತದ ಮಟ್ಟಿಗೆ ಮಹಿಳೆಯರಿಗೆ ಮತ ಕೊಟ್ಟಿತು. 1978ರಲ್ಲಿ ದೇಶ ಯುರೋಪ್ ಕೌನ್ಸಿಲ್ ಸೇರಿತು. ಕಥೆಯ ನಿದ್ರಾಸುಂದರಿಯ ಹೆಸರನ್ನೇ ಸಂಘಟನೆಗಿಟ್ಟುಕೊಂಡ ಮಹಿಳೆಯರು 1983ರಲ್ಲಿ ಆ ಕೌನ್ಸಿಲ್‌ನ ಕೇಂದ್ರವಾದ ಸ್ಟ್ರಾಸ್‌ಬರ್ಗ್‌ವರೆಗೂ ಹೋಗಿ ತಮ್ಮ ಪ್ರಶ್ನೆಯನ್ನು ಯುರೋಪಿನ ಮುಂದಿಟ್ಟರು. 1984ರ ಜುಲೈ 1ರಂದು ಗಂಡಸರ ಮತ್ತೊಂದು ಮತದಾನದ ಫಲಿತಾಂಶ ಬಂದಾಗ ಪರ 2,370, ವಿರುದ್ಧ 2,251. ಅರ್ಧ ದೇಶದ ಹಕ್ಕು 119 ಮತಗಳ ಅಂತರದಲ್ಲಿ ತೂಗಾಡಿತ್ತು.

ಕೊನೆಗೆ ಒಪ್ಪಿದ್ದು ಗಂಡಸರೇ ಅಲ್ಲವೇ, ಆದ್ದರಿಂದ ಪದ್ಧತಿ ಕೆಲಸ ಮಾಡಿತು ಎಂದು ವಾದಿಸಬಹುದು. ಮನವೊಲಿಸಿ ಪಡೆದ ಹಕ್ಕಿಗೆ ಗಟ್ಟಿ ಬೇರು ಎಂಬ ಮಾತೂ ಇದೆ. ನೆರೆಯ ಸ್ವಿಟ್ಜರ್ಲೆಂಡಿನ ಅಪೆನ್‌ಜೆಲ್ ಇನ್ನರ್‌ರೋಡನ್ ಪ್ರಾಂತ್ಯ ಇದಕ್ಕೆ ಉತ್ತರ ಕೊಡುತ್ತದೆ. 1990ರ ಏಪ್ರಿಲ್‌ನಲ್ಲಿ ಅಲ್ಲಿನ ಗಂಡಸರು ಮಹಿಳೆಯರಿಗೆ ಮತ ಬೇಡವೆಂದು ಮತ್ತೆ ಹೇಳಿದರು. ಅದೇ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯ ಮಹಿಳೆಯರಿಗೆ ಮತ ಕೊಡಿಸಿತು. ತೀರ್ಪು ಮೇಲಿನಿಂದ ಬಂತೆಂದು ಆ ಹಕ್ಕು ಅಲುಗಾಡಲಿಲ್ಲ. ಇನ್ನು ಮನವೊಲಿಕೆಯ ಬೆಲೆಯನ್ನು ತೆತ್ತವರು ಯಾರು ಎಂಬುದನ್ನೂ ಕೇಳಬೇಕು. 1971ರಿಂದ 1984ರವರೆಗೆ ಕಾದದ್ದು ಮನಸ್ಸು ಬದಲಿಸಬೇಕಾದವರಲ್ಲ, ಹೊರಗಿದ್ದವರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಂತರದ ವರ್ಷಗಳಿಂದ ಬರುತ್ತದೆ. ಸಲಿಂಗ ಜೋಡಿಗಳ ಸಹಜೀವನವನ್ನು ನೋಂದಾಯಿಸುವ ಕಾನೂನನ್ನು ಸಂಸತ್ತು ಒಪ್ಪಿದಾಗ ವಿರೋಧಿಗಳು ಸಹಿ ಸಂಗ್ರಹಿಸಿ ಅದನ್ನು ಜನಮತಕ್ಕೆ ಎಳೆದರು. 2011ರ ಜೂನ್‌ನಲ್ಲಿ ಶೇ. 68.8 ಮತದಾರರು ಕಾನೂನಿನ ಪರ ನಿಂತರು. ಅಲ್ಪಸಂಖ್ಯಾತರ ಹಕ್ಕನ್ನು ಬಹುಮತ ಎತ್ತಿಹಿಡಿಯಿತು. ಆದರೆ 2020ರ ಆಗಸ್ಟ್‌ನಲ್ಲಿ, ರಾಜಕೀಯ ಸಂಸ್ಥೆಗಳಲ್ಲಿ ಸ್ತ್ರೀ ಪುರುಷರ ಸಮತೋಲಿತ ಪ್ರಾತಿನಿಧ್ಯವನ್ನು ಉತ್ತೇಜಿಸಬೇಕೆಂಬ ಸಾಲನ್ನು ಸಂವಿಧಾನಕ್ಕೆ ಸೇರಿಸುವ ಪ್ರಸ್ತಾವ ಶೇ. 78.8 ಮತಗಳಿಂದ ಬಿದ್ದುಹೋಯಿತು. ಆಗ ಸಂಸತ್ತಿನ 25 ಸ್ಥಾನಗಳಿಗೆ 2017ರಲ್ಲಿ ಗೆದ್ದು ಬಂದಿದ್ದ ಮಹಿಳೆಯರು ಮೂವರು. ಮಹಿಳೆಯರಿಗೂ ಮತವಿದ್ದ ಮೇಲೆ ಈ ಸೋಲು ಏಕೆ? ಈ ಎರಡು ಫಲಿತಾಂಶಗಳು ನನ್ನ ವಾದವನ್ನು ಮುರಿಯುವುದಿಲ್ಲ, ಅದರ ಎಲ್ಲೆಯನ್ನು ತೋರಿಸುತ್ತವೆ. ಮತದಾರರ ಪಟ್ಟಿಯಲ್ಲಿ ಎಲ್ಲರೂ ಇರುವಾಗ ಜನ ಉದಾರವಾಗಿರಬಹುದು, ಸಂಕುಚಿತವಾಗಿಯೂ ಇರಬಹುದು. ಸೋತವರಿಗೆ ಮುಂದಿನ ಚುನಾವಣೆಯಲ್ಲಿ ಉತ್ತರಿಸುವ ಸಾಧನವಿರುತ್ತದೆ. 2021ರ ಚುನಾವಣೆಯಲ್ಲಿ, ಆ ತಿದ್ದುಪಡಿಯ ನೆರವಿಲ್ಲದೆಯೇ, ಏಳು ಮಹಿಳೆಯರು ಗೆದ್ದರು. 1973ರಲ್ಲಿ ಸೋತವರ ಕೈಯಲ್ಲಿ ಅಂಥ ಸಾಧನವೇ ಇರಲಿಲ್ಲ. ಆದ್ದರಿಂದ ಜನಮತಗಣನೆಯ ನ್ಯಾಯಬದ್ಧತೆಯನ್ನು ಬಂದ ಉತ್ತರದಿಂದ ಅಳೆಯುವ ಮೊದಲು ಪ್ರಶ್ನೆ ಯಾರನ್ನು ಕೇಳಲಾಯಿತು ಎಂಬುದನ್ನು ನೋಡಬೇಕು. ಸಮಾನ ಮತದ ಹಕ್ಕನ್ನಂತೂ ಬಹುಮತದ ಕೃಪೆಗೆ ಬಿಡದೆ ಸಂವಿಧಾನ ಮತ್ತು ನ್ಯಾಯಾಲಯಗಳೇ ಕಾಯಬೇಕು.