ಬಾಲರಕ್ಷಣಾ ಕಾರ್ಯಕರ್ತರ ಮೇಲಣ ಆಕ್ಷೇಪ ಮತ್ತು ಸಮರ್ಥನೆ: ರಾಮನಗರ ಸೀಮೆಯ ರೇಷ್ಮೆ ಕಸುಬಿನ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಒಂದು ಹುದ್ದೆಯು ಹೇಗೆ ಹುಟ್ಟಿತು, ಅದಕ್ಕೆ ಯಾವ ಅಧಿಕಾರಗಳು ದತ್ತವಾದುವು, ಯಾವುವು ದತ್ತವಾಗಲಿಲ್ಲ ಎಂಬುದನ್ನು ತಿಳಿಯದೆ ಆ ಹುದ್ದೆಯಲ್ಲಿರುವವರ ಗುಣದೋಷಗಳನ್ನು ನಿರ್ಣಯಿಸುವುದು ಚರಿತ್ರೆಯ ಅಭ್ಯಾಸಿಗಳಿಗೆ ತಕ್ಕುದಲ್ಲ. ಮಕ್ಕಳ ರಕ್ಷಣೆಗಾಗಿ ನೇಮಕವಾದ ಕಾರ್ಯಕರ್ತರ ವಿಷಯದಲ್ಲಿ ಈ ಎಚ್ಚರಿಕೆಯು ವಿಶೇಷವಾಗಿ ಅವಶ್ಯಕ. ಅವರು ಬರಬೇಕಾದಾಗ ಬರಲಿಲ್ಲವೆಂದು ಒಂದು ಪಕ್ಷವೂ, ಬರಬಾರದ ಕಡೆಗೆ ಬಂದರೆಂದು ಇನ್ನೊಂದು ಪಕ್ಷವೂ ದೂರುವುದನ್ನು ನಾವು ಕೇಳುತ್ತಲೇ ಇದ್ದೇವೆ. ಈ ಆಕ್ಷೇಪಗಳಲ್ಲಿ ನ್ಯಾಯವಾದುದೆಷ್ಟು, ಅಲ್ಲದುದೆಷ್ಟು ಎಂಬುದನ್ನು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೇಷ್ಮೆ ಕಸುಬನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಗೂ, ಅನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಸೇರಿದ್ದು, 2007ರಲ್ಲಿ ರಾಮನಗರ ಜಿಲ್ಲೆಯಾಗಿ ಪ್ರತ್ಯೇಕಗೊಂಡವು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ರಾಜ್ಯ ಸಚಿವ ಸಂಪುಟವು 2025ರಲ್ಲಿ ನಿರ್ಧರಿಸಿತು. ಆಡಳಿತದ ಹೆಸರು ಎಷ್ಟು ಸಲ ಬದಲಾದರೂ ಸೀಮೆಯ ಜೀವನಾಡಿಯು ರೇಷ್ಮೆಯೇ ಆಗಿ ಉಳಿದಿದೆ. ರಾಮನಗರದ ಗೂಡಿನ ಮಾರುಕಟ್ಟೆಯು ಏಷ್ಯಾ ಖಂಡದ ಅತಿ ದೊಡ್ಡವುಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಮಾರುಕಟ್ಟೆಯಿಂದ ಬಂದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಕೈಬೆರಳಿನಿಂದ ಹುಡುಕಿ, ಹಲವು ಎಳೆಗಳನ್ನು ಕೂಡಿಸಿ ರಾಟೆಗೆ ಸುತ್ತುವುದು ನೂಲು ಬಿಚ್ಚುವ ಕೆಲಸ. ಹಾಗೆ ದೊರೆತ ಕಚ್ಚಾ ರೇಷ್ಮೆಯನ್ನು ಯಂತ್ರಗಳಲ್ಲಿ ಹುರಿ ಮಾಡುವುದು ಮುಂದಿನ ಹಂತ. ಚರಕ ಮತ್ತು ಕಾಟೇಜ್ ಬೇಸಿನ್‌ಗಳ ಕಾಲದಲ್ಲಿ ಇವೆರಡೂ ಬಹುಮಟ್ಟಿಗೆ ಮನೆಯ ಹಿತ್ತಿಲಿನಲ್ಲಿಯೋ ಪಕ್ಕದ ಕೊಟ್ಟಿಗೆಯಲ್ಲಿಯೋ ನಡೆಯುತ್ತಿದ್ದ ಕೆಲಸಗಳು. ಮನೆ ಯಾವುದು, ಕಾರ್ಖಾನೆ ಯಾವುದು ಎಂಬ ಗೆರೆಯು ಅಲ್ಲಿ ಮಸುಕಾಗಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಅನೇಕ ತೊಡಕುಗಳಿಗೆ ಅದೇ ಮೂಲ.

ಬಡ ತಂದೆತಾಯಿಗಳು ಮದುವೆಗೋ ಕಾಯಿಲೆಗೋ ಯಜಮಾನನಿಂದ ಮುಂಗಡವನ್ನು ಪಡೆದು, ಅದು ತೀರುವವರೆಗೆ ಮಗುವನ್ನು ಕೆಲಸಕ್ಕೆ ಬಿಡುವ ಪದ್ಧತಿಯು ಈ ಕಸುಬಿಗೆ ಮಾತ್ರ ವಿಶಿಷ್ಟವಾದುದಲ್ಲ. ಅಮೃತಸರದ ರತ್ನಗಂಬಳಿ ನೇಯ್ಗೆಯಲ್ಲಿಯೂ ಮದರಾಸಿನ ಬೀಡಿ ಕೆಲಸದಲ್ಲಿಯೂ ಇದು ನಡೆಯುತ್ತಿದ್ದುದನ್ನು 1931ರಲ್ಲಿ ವರದಿಯಿತ್ತ ರಾಯಲ್ ಕಾರ್ಮಿಕ ಆಯೋಗವು ಬಯಲಿಗೆಳೆಯಿತು. ಅದರ ಫಲವಾಗಿ ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ನಿಷೇಧಿಸುವ ಶಾಸನವು 1933ರಲ್ಲಿ ಬಂದಿತು. ಒತ್ತೆಯಿಟ್ಟ ತಂದೆತಾಯಿಗಳಿಗೆ 50 ರೂಪಾಯಿ, ಮಾಲೀಕನಿಗೆ 200 ರೂಪಾಯಿಗಳವರೆಗೆ ದಂಡವೆಂದು ಅದು ವಿಧಿಸಿತು. ಅದು ಬ್ರಿಟಿಷ್ ಇಂಡಿಯಾದ ಶಾಸನವಾದುದರಿಂದ ಅಂದು ದೇಶೀಯ ಸಂಸ್ಥಾನವಾಗಿದ್ದ ಮೈಸೂರಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ನಾವು ಗಮನಿಸತಕ್ಕ ಮುಖ್ಯ ಸಂಗತಿಯು ಬೇರೆ: ಈ ಶಾಸನವು ದಂಡವನ್ನು ಹೇಳಿತೇ ವಿನಾ, ಬಿಡುಗಡೆಯಾದ ಮಗುವಿನ ಜೊತೆಗೆ ನಿಲ್ಲುವ ಯಾವ ವ್ಯಕ್ತಿಯನ್ನೂ ಸೃಷ್ಟಿಸಲಿಲ್ಲ.

ಸ್ವಾತಂತ್ರ್ಯಾನಂತರದ ಎರಡು ಮುಖ್ಯ ಶಾಸನಗಳೂ ಬಹುಕಾಲ ಇದೇ ಕೊರತೆಯಿಂದ ಬಳಲಿದವು. 1976ರ ಜೀತಪದ್ಧತಿ ರದ್ಧತಿ ಅಧಿನಿಯಮವು ಜೀತದ ಸಾಲವನ್ನೆಲ್ಲ ಅಳಿಸಿಹಾಕಿ, ಅದರ ಜಾರಿಯನ್ನು ಜಿಲ್ಲಾಧಿಕಾರಿಗೂ ಜಾಗೃತ ಸಮಿತಿಗಳಿಗೂ ಒಪ್ಪಿಸಿತು. 1986ರ ಬಾಲಕಾರ್ಮಿಕ ಅಧಿನಿಯಮವು ಪಟ್ಟಿ ಮಾಡಿದ ಅಪಾಯಕರ ಕೆಲಸಗಳಲ್ಲಿ ಮಾತ್ರ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಜಾರಿಯ ಹೊಣೆಯನ್ನು ಇನ್‌ಸ್ಪೆಕ್ಟರರ ಮೇಲೆ ಹೊರಿಸಿತು. ಆದರೆ ಯಜಮಾನನು ತನ್ನ ಕುಟುಂಬದ ನೆರವಿನಿಂದ ನಡೆಸುವ ಕಾರ್ಯಾಗಾರಕ್ಕೆ ಈ ನಿಷೇಧವಿರಲಿಲ್ಲ. ಹಿತ್ತಿಲಿನ ಬೇಸಿನ್ನಿನ ಮುಂದೆ ಕುಳಿತ ಹುಡುಗನನ್ನು ‘ನಮ್ಮ ಅಕ್ಕನ ಮಗ’ ಎಂದರೆ ಇನ್‌ಸ್ಪೆಕ್ಟರನು ಹಿಂದಿರುಗಬೇಕಾಗುವ ದಾರಿಯನ್ನು ಶಾಸನವೇ ತೆರೆದಿಟ್ಟಿತ್ತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಮೊಕದ್ದಮೆಯಲ್ಲಿ ತಪ್ಪಿತಸ್ಥ ಮಾಲೀಕನಿಂದ ಮಗುವೊಂದಕ್ಕೆ 20,000 ರೂಪಾಯಿಗಳನ್ನು ವಸೂಲು ಮಾಡಬೇಕೆಂದು ಆಜ್ಞಾಪಿಸಿತು. ಅದೇ ವರ್ಷವೂ, ಮತ್ತೆ 2003ರಲ್ಲಿಯೂ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಭಾರತದ ಜೀತದ ಮಕ್ಕಳನ್ನು ಕುರಿತು ಪ್ರಕಟಿಸಿದ ವರದಿಗಳಲ್ಲಿ ಕರ್ನಾಟಕದ ರೇಷ್ಮೆ ಕಸುಬು ಪ್ರಮುಖವಾಗಿ ಕಾಣಿಸಿಕೊಂಡಿತು.

ಮಗುವಿನ ಪರವಾಗಿ ಮನೆಯ ಬಾಗಿಲಿಗೆ ಹೋಗತಕ್ಕ ಕಾರ್ಯಕರ್ತರು ಚರಿತ್ರೆಯ ರಂಗಕ್ಕೆ ಬರುವುದು ಇದಾದ ಮೇಲೆಯೇ. 2000ದ ಬಾಲನ್ಯಾಯ ಅಧಿನಿಯಮವು ಮಕ್ಕಳ ಕಲ್ಯಾಣ ಸಮಿತಿಗಳನ್ನು ಸ್ಥಾಪಿಸಿತು. 2006ರ ತಿದ್ದುಪಡಿಯು ದುಡಿಯುವ ಮಗುವನ್ನು ಪೋಷಣೆ ರಕ್ಷಣೆಗಳ ಅಗತ್ಯವುಳ್ಳ ಮಕ್ಕಳಲ್ಲಿ ಸೇರಿಸಿತು. 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯು ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳನ್ನು ರೂಪಿಸಿತು. ಆ ಯೋಜನೆಯಂತೆ ಒಂದು ಜಿಲ್ಲಾ ಘಟಕಕ್ಕೆ ಒಟ್ಟು 12 ಹುದ್ದೆಗಳು. ಅವುಗಳಲ್ಲಿ ಹಳ್ಳಿಕೇರಿಗಳನ್ನು ಸುತ್ತತಕ್ಕವರು ಮುಖ್ಯವಾಗಿ ಇಬ್ಬರು ಸಮಾಜ ಕಾರ್ಯಕರ್ತರು ಮತ್ತು ಇಬ್ಬರು ಕ್ಷೇತ್ರ ಕಾರ್ಯಕರ್ತರು. ಬಹುಪಾಲು ಹುದ್ದೆಗಳು ಗುತ್ತಿಗೆಯವು. 2011ರ ಜನಗಣತಿಯಂತೆ ರಾಮನಗರ ಜಿಲ್ಲೆಯ ಜನಸಂಖ್ಯೆಯು 10 ಲಕ್ಷ 82 ಸಾವಿರಕ್ಕೂ ಮೀರಿದ್ದಿತು. ರಾಮನಗರ, ಚನ್ನಪಟ್ಟಣಗಳು ಮೈಸೂರು ರಸ್ತೆಯ ಮೇಲೂ ರೈಲುಹಾದಿಯ ಮೇಲೂ ಇವೆ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ, ಕನಕಪುರದ ದಕ್ಷಿಣದ ಹಳ್ಳಿಗಳು ಕಾವೇರಿಯ ಕಾಡಿನಂಚಿನವರೆಗೂ ಚದರಿವೆ. ಈ ವಿಸ್ತಾರಕ್ಕೆ ನಾಲ್ವರು!

ಇನ್ನು ಆಕ್ಷೇಪಗಳಿಗೆ ಬರೋಣ. ಅವು ಮೂರು ಬಗೆಯವು. ಕಾರ್ಯಕರ್ತರು ತಡವಾಗಿ ಬರುತ್ತಾರೆ, ಕಣ್ಣೆದುರಿಗಿದ್ದುದನ್ನೂ ಕಾಣುವುದಿಲ್ಲ ಎಂಬುದು ಮೊದಲನೆಯದು. ಬಡವರ ಮನೆಗೆ ನುಗ್ಗಿ, ಅನ್ನಕ್ಕೆ ಕಲ್ಲು ಹಾಕಿ, ತಾಯಿಯಿಂದ ಮಗುವನ್ನು ಅಗಲಿಸುತ್ತಾರೆ ಎಂಬುದು ಎರಡನೆಯದು. ಮಗುವನ್ನು ಬಿಡಿಸಿದರೂ ಸಾಲವನ್ನು ಬಿಡಿಸುವುದಿಲ್ಲ, ಆದುದರಿಂದ ಮಗುವು ಮತ್ತೆ ಅದೇ ಬೇಸಿನ್ನಿನ ಮುಂದೆ ಹೋಗಿ ಕೂರುತ್ತದೆ ಎಂಬುದು ಮೂರನೆಯದು.

ಮೊದಲನೆಯ ಆಕ್ಷೇಪಕ್ಕೆ ಮೇಲೆ ಹೇಳಿದ ಸಂಖ್ಯೆಯೇ ಬಹುಮಟ್ಟಿಗೆ ಉತ್ತರ. ಎರಡನೆಯದರಲ್ಲಿ ಕಾರ್ಯಕರ್ತರಿಗೆ ಇಲ್ಲದ ಅಧಿಕಾರವನ್ನು ಆರೋಪಿಸಲಾಗಿದೆ. 2015ರ ಬಾಲನ್ಯಾಯ ಅಧಿನಿಯಮದಂತೆ ಮಗುವನ್ನು 24 ಗಂಟೆಗಳೊಳಗೆ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವು ಎಲ್ಲಿರತಕ್ಕದ್ದೆಂದು ನಿರ್ಧರಿಸುವವರು ಸಮಿತಿಯ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರೇ ಹೊರತು ಕಾರ್ಯಕರ್ತರಲ್ಲ. ಬಾಲಮಂದಿರವು ಕೊನೆಯ ಉಪಾಯವಾಗಬೇಕೆಂದೂ ಅದೇ ಶಾಸನವು ಸಾರುತ್ತದೆ. ಆದರೆ ಹಳ್ಳಿಯವರ ಕಣ್ಣಿಗೆ ಬೀಳುವುದು ಸಮಿತಿಯಲ್ಲ, ಬಾಗಿಲಿಗೆ ಬಂದವರು.

ಈ ಎರಡು ಆಕ್ಷೇಪಗಳೂ ನಮ್ಮ ನಾಡಿಗೆ ಮಾತ್ರ ಸೇರಿದುವಲ್ಲ. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ 1973ರಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಮಲತಂದೆಯ ಕೈಯಲ್ಲಿ ಸತ್ತಾಗ, ಕಾರ್ಯಕರ್ತರು ಮಗುವನ್ನು ಮನೆಯಲ್ಲಿಯೇ ಬಿಟ್ಟರೆಂದು ದೇಶವೇ ಗುಡುಗಿತು. 1987ರಲ್ಲಿ ಕ್ಲೀವ್‌ಲೆಂಡಿನಲ್ಲಿ ವೈದ್ಯರು 121 ಮಕ್ಕಳು ಅತ್ಯಾಚಾರಕ್ಕೀಡಾದವರೆಂದು ನಿರ್ಣಯಿಸಿ, ಅನೇಕರನ್ನು ಮನೆಯಿಂದ ಒಯ್ದಾಗ ಅದೇ ದೇಶವು ಕಾರ್ಯಕರ್ತರು ಮನೆಗಳನ್ನು ಮುರಿದರೆಂದು ಗುಡುಗಿತು. ಅಲ್ಲಿನ ವಿಚಾರಣಾ ವರದಿಗಳು ವ್ಯಕ್ತಿಗಳ ತಪ್ಪಿನೊಂದಿಗೆ ಇಲಾಖೆಗಳ ನಡುವಣ ಸಂಪರ್ಕದ ಕೊರತೆಯನ್ನೂ ಎತ್ತಿ ತೋರಿಸಿದುವು.

ಮೂರನೆಯ ಆಕ್ಷೇಪವಾದರೋ ಹೆಚ್ಚು ಗಂಭೀರವಾದುದು. ನಮ್ಮ ಅಭಿಪ್ರಾಯದಲ್ಲಿ ಅದರಲ್ಲಿ ಸತ್ಯವೂ ಉಂಟು. ಬಿಡುಗಡೆಯ ದಿನ ಬರೆಯುವ ಮಹಜರಿನಲ್ಲಿ ಮಗುವಿನ ವಯಸ್ಸು, ಕೆಲಸ, ಸ್ಥಳಗಳನ್ನು ಮಾತ್ರ ನಮೂದಿಸಿದರೆ ಅದು ಬಾಲಕಾರ್ಮಿಕ ಪ್ರಕರಣವಾಗುತ್ತದೆ. ಯಜಮಾನನಿಗೆ ದಂಡ, ಮಗುವಿಗೆ ಶಾಲೆ, ಸಾಲವು ಇದ್ದಲ್ಲಿಯೇ. ತಂದೆಯು ಪಡೆದ ಮುಂಗಡವೆಷ್ಟು, ಎಂದು ಪಡೆದನು ಎಂಬ ಎರಡು ಸಾಲುಗಳು ಅದೇ ಹಾಳೆಯಲ್ಲಿ ಬಂದರೆ ಪ್ರಕರಣವು 1976ರ ಶಾಸನದ ವ್ಯಾಪ್ತಿಗೆ ಬರುತ್ತದೆ. ಆಗ ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಭಾರವು ಸಾಲ ಕೊಟ್ಟವನ ಮೇಲೆ ಬೀಳುತ್ತದೆ. ಬಿಡುಗಡೆ ಪತ್ರವನ್ನು ಕೊಡತಕ್ಕವರು ಕಂದಾಯಾಧಿಕಾರಿಗಳೇ ಆದರೂ, ಅವರು ಆಧರಿಸತಕ್ಕ ಮೊದಲ ಕಾಗದವು ಈ ಮಹಜರು. 2016ರ ಪುನರ್ವಸತಿ ಯೋಜನೆಯಲ್ಲಿ ಜೀತದಿಂದ ಬಿಡುಗಡೆಯಾದ ಮಗುವಿಗೆ 2 ಲಕ್ಷ ರೂಪಾಯಿಗಳನ್ನು ಗೊತ್ತುಪಡಿಸಿ, ಪೂರ್ಣ ಹಣವನ್ನು ಅಪರಾಧಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಲಾಯಿತು. ಹೀಗಾಗಿ ಬರೆಯದೆ ಬಿಟ್ಟ ಎರಡು ಸಾಲುಗಳಿಂದ ಮಗುವಿನ ಮುಂದಿನ ಹತ್ತು ವರ್ಷಗಳೇ ಬದಲಾಗಬಹುದು.

ಸಿಬ್ಬಂದಿ ಸಾಲದೆಂಬುದಕ್ಕೆ ಸರ್ಕಾರವು ಉತ್ತರ ಹೇಳಬೇಕು. ಶಾಸನದ ಸಂದುಗಳಿಗೆ ಶಾಸನಸಭೆಯು ಉತ್ತರ ಹೇಳಬೇಕು. ಮುಂಗಡವನ್ನು ಕೇಳಿ ಬರೆದುಕೊಳ್ಳದಿರುವುದಕ್ಕೆ ಮಾತ್ರ ಹಾಳೆಯನ್ನು ಕೈಯಲ್ಲಿ ಹಿಡಿದವರೇ ಉತ್ತರ ಹೇಳಬೇಕು. ಆದರೂ ಇಲ್ಲಿಯೂ ಒಂದು ಮಾತನ್ನು ಅವರ ಪರವಾಗಿ ಹೇಳದಿದ್ದರೆ ನ್ಯಾಯವಾಗದು. ಮುಂಗಡದ ಮಾತನ್ನು ಭಯಗ್ರಸ್ತ ಕುಟುಂಬವು ಮೊದಲ ದಿನ ಹೇಳುವುದಿಲ್ಲ. ಎರಡನೆಯ ಮೂರನೆಯ ಭೇಟಿಯಲ್ಲಿ ನಂಬಿಕೆ ಬಂದ ಮೇಲೆ ಹೇಳುತ್ತದೆ. ಗುತ್ತಿಗೆ ಮುಗಿದು ಕಾರ್ಯಕರ್ತರು ಬದಲಾದರೆ ಆ ನಂಬಿಕೆಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

2016ರ ತಿದ್ದುಪಡಿಯು 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿತು. ಆದರೆ ಅಪಾಯಕರವಲ್ಲದ ಮನೆಗೆಲಸ ಕಸುಬುಗಳಲ್ಲಿ ಶಾಲೆಯ ವೇಳೆಯ ಅನಂತರ ಕುಟುಂಬಕ್ಕೆ ನೆರವಾಗಬಹುದೆಂಬ ವಿನಾಯಿತಿಯನ್ನು ಉಳಿಸಿತು. ರಾಮನಗರಕ್ಕೆ ಸ್ವಯಂಚಾಲಿತ ಯಂತ್ರಗಳು ಬಂದು ಬೇಸಿನ್ನಿನ ಬಿಸಿನೀರಿನ ಕೆಲಸವನ್ನು ಒಂದಿಷ್ಟು ಕಡಮೆ ಮಾಡಿವೆ. ಆದರೆ ಮುಂಗಡವು ಯಂತ್ರದೊಡನೆ ಹೋಗತಕ್ಕ ವಸ್ತುವಲ್ಲ; ಅದು ರೇಷ್ಮೆಯನ್ನು ಬಿಟ್ಟು ಇಟ್ಟಿಗೆ ಗೂಡಿಗೂ ಕಲ್ಲುಗಣಿಗೂ ಹೋಗಬಲ್ಲದು. ಈ ಸೀಮೆಯ ಕಾಲೇಜುಗಳಲ್ಲಿ ನಮ್ಮೆದುರು ಕುಳಿತ ವಿದ್ಯಾರ್ಥಿಗಳಲ್ಲಿ ಗೂಡು ಬಿಚ್ಚುವ ಮನೆಗಳಿಂದ ಬಂದವರುಂಟು. ಅವರಲ್ಲಿ ಕೆಲವರು ನಾಳೆ ಇದೇ ಹುದ್ದೆಗೆ ಹೋಗಬಹುದು. ದಾಖಲೆಯ ಬೆಲೆಯನ್ನು ಕಲಿಸುವುದು ಚರಿತ್ರೆಯ ಅಧ್ಯಾಪಕರ ಕೆಲಸ. ಮುಂಗಡವೆಷ್ಟೆಂದು ಕೇಳಿ, ಕೇಳಿದ್ದನ್ನು ಬರೆದು, ಬರೆದುದನ್ನು ಮುಂದಿನವರಿಗೆ ಒಪ್ಪಿಸುವ ಕಾರ್ಯಕರ್ತರನ್ನು ನಾವು ಸಿದ್ಧಪಡಿಸಿದೆವಾದರೆ ಆಕ್ಷೇಪಗಳಲ್ಲಿ ನ್ಯಾಯವಾದ ಭಾಗವು ಕ್ರಮೇಣ ಇಲ್ಲವಾಗುವುದು. ಉಳಿದುದಕ್ಕೆ ಉತ್ತರ ಹೇಳತಕ್ಕವರು ಬೇರೆಯವರೆಂಬುದನ್ನು ಆಗ ಸಮಾಜವೂ ಕಾಣಬಹುದು.