ಗಿಟಾರ್ ಪಕ್ಕದಲ್ಲಿ ಕೂತ ಮಣ್ಣಿನ ಘಟ

ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ ಆಲ್ಬಂಗಳಲ್ಲಿ ಯಾವುದು ದೊಡ್ಡದು? ಜಾಝ್-ರಾಕ್ ಕೇಳುವವರ ನಡುವೆ ಐವತ್ತು ವರ್ಷಗಳಿಂದ ಈ ಜಗಳ ಮುಗಿದಿಲ್ಲ. ಒಂದು ಪಕ್ಷ ಗುಡುಗುವ ಡ್ರಮ್ಮಿನದು. ಇನ್ನೊಂದು ಮಣ್ಣಿನ ಘಟದ್ದು. ನಾವು ಎರಡನೇ ಪಕ್ಷ. ಯಾಕೆಂದು ಹೇಳುತ್ತೇವೆ.

1942ರಲ್ಲಿ ಯಾರ್ಕ್‌ಶೈರಿನ ಡಾಂಕಾಸ್ಟರ್‌ನಲ್ಲಿ ಹುಟ್ಟಿದ ಮೆಕ್‌ಲಾಫ್ಲಿನ್ 1969ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಅವರ 'ಇನ್ ಎ ಸೈಲೆಂಟ್ ವೇ', 'ಬಿಚಸ್ ಬ್ರೂ' ಆಲ್ಬಂಗಳಲ್ಲಿ ನುಡಿಸಿದರು. ಗುರು ಶ್ರೀ ಚಿನ್ಮಯ್ ಅವರು ಕೊಟ್ಟ ಹೆಸರು 'ಮಹಾವಿಷ್ಣು'. ಅದೇ ಹೆಸರಲ್ಲಿ 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು.

ಮೊದಲ ಆಲ್ಬಂ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್'. 1973ರ 'ಬರ್ಡ್ಸ್ ಆಫ್ ಫೈರ್' ಅಮೆರಿಕದ ಪಟ್ಟಿಯಲ್ಲಿ 15ನೇ ಸ್ಥಾನದವರೆಗೆ ಏರಿತು. ಹಾಡೇ ಇಲ್ಲದ, 18 ಎಣಿಕೆಯಲ್ಲಿ ಸುತ್ತುವಂಥ ತಾಳಗಳ ಸಂಗೀತಕ್ಕೆ ಇದು ಸಣ್ಣ ಮಾತಲ್ಲ. ಬಿಲ್ಲಿ ಕಾಬಮ್ ಅವರ ಡ್ರಮ್ಮು, ಜೆರ್ರಿ ಗುಡ್‌ಮನ್ ಅವರ ಪಿಟೀಲು, ನಡುವೆ ಗಿಟಾರಿನ ಮಿಂಚು. ಮೆಚ್ಚಿದವರು ಬೆರಗಾದರು. ಮೆಚ್ಚದವರು "ಬರೀ ವೇಗ, ಉಸಿರಾಡಲು ಜಾಗವೇ ಇಲ್ಲ" ಎಂದರು. ಎರಡೂ ನಿಜ ಅನ್ನಿಸುತ್ತದೆ ನಮಗೆ. ಆ ಮೊದಲ ತಂಡ 1973ರ ಕೊನೆಗೆ ಒಡೆಯಿತು.

ಆಮೇಲೆ ಮೆಕ್‌ಲಾಫ್ಲಿನ್ ಮಾಡಿದ್ದು ಯಾರೂ ನಿರೀಕ್ಷಿಸದ ಕೆಲಸ. ಕರೆಂಟಿನ ಗಿಟಾರ್ ಕೆಳಗಿಟ್ಟರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತಿದ್ದ ಅವರು, ಮೆಟ್ಟಿಲುಗಳ ನಡುವಿನ ಮರವನ್ನು ತೋಡಿದ, ಶ್ರುತಿಗೆಂದು ಬೇರೆ ತಂತಿಗಳಿದ್ದ ಗಿಟಾರ್ ಮಾಡಿಸಿಕೊಂಡರು. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುತ್ತಾರಲ್ಲ, ಹಾಗೆ ಎಳೆಯಲು. ಪಕ್ಕದಲ್ಲಿ ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟ. ಹಿಂದೂಸ್ತಾನಿ, ಕರ್ನಾಟಕ, ಜಾಝ್ ಮೂರೂ ಒಂದೇ ಜಮಖಾನದ ಮೇಲೆ. ಇದೇ 'ಶಕ್ತಿ' ತಂಡ.

1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಒಂದು ಕಾಲೇಜಿನಲ್ಲಿ ನಡೆದ ಕಛೇರಿಯೇ ಅವರ ಮೊದಲ ಆಲ್ಬಂ ಆಯಿತು. ನಂತರ 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ' (1976), 'ನ್ಯಾಚುರಲ್ ಎಲಿಮೆಂಟ್ಸ್' (1977) ಬಂದವು. ಮಹಾವಿಷ್ಣು ಆಲ್ಬಂಗಳಷ್ಟು ಇವು ಮಾರಾಟವಾಗಲಿಲ್ಲ. ರಾಕ್ ಅಭಿಮಾನಿಗಳಿಗೆ ನಿರಾಸೆ. ತಂಡವೂ ಚದುರಿತು.

ಆದರೆ ಉಳಿದದ್ದು ಯಾವುದು ನೋಡಿ. 1997ರಲ್ಲಿ 'ರಿಮೆಂಬರ್ ಶಕ್ತಿ' ಹೆಸರಲ್ಲಿ ಮರಳಿದರು. ಆಮೇಲೆ ಮ್ಯಾಂಡೋಲಿನ್ ಶ್ರೀನಿವಾಸ್ ಬಂದು ಸೇರಿದರು. ವಿಕ್ಕು ಅವರ ಮಗ ಸೆಲ್ವಗಣೇಶ್ ಅಪ್ಪನ ಜಾಗದಲ್ಲಿ ಕೂತರು. 2023ರ ಜನವರಿಯಲ್ಲಿ ಬೆಂಗಳೂರಿಗೂ ಬಂದು ನುಡಿಸಿದರು. ಅದೇ ವರ್ಷದ 'ದಿಸ್ ಮೊಮೆಂಟ್' ಆಲ್ಬಂಗೆ 2024ರ ಫೆಬ್ರುವರಿಯಲ್ಲಿ ಗ್ರ್ಯಾಮಿ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ಜಾಕಿರ್ ತೀರಿಕೊಂಡರು.

ನಮ್ಮ ವಾದ ಇಷ್ಟೇ. ಮಹಾವಿಷ್ಣುವಿನಲ್ಲಿ ಭಾರತ ಹೆಸರಿನಲ್ಲಿತ್ತು. ಶಕ್ತಿಯಲ್ಲಿ ಭಾರತದ ಕಲಾವಿದರೇ ಪಕ್ಕದಲ್ಲಿ ಸರಿಸಮ ಕೂತಿದ್ದರು. ಹೆಸರು ಪಡೆಯುವುದು ಸುಲಭ, ಕೂತು ಕಲಿಯುವುದು ಕಷ್ಟ. ಮಾರಾಟದ ಲೆಕ್ಕ ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ಮೊಬೈಲಿನಲ್ಲಿ ಮೂರೂ ಆಲ್ಬಂ ಸಿಗುತ್ತವೆ. ರಾತ್ರಿ ಊಟವಾದ ಮೇಲೆ ಇಯರ್‌ಫೋನ್ ಹಾಕಿಕೊಂಡು 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ'ಯಿಂದ ಶುರು ಮಾಡಿ. ಘಟ ಎಲ್ಲಿ ಮಾತಾಡುತ್ತದೆ, ಗಿಟಾರ್ ಎಲ್ಲಿ ಸುಮ್ಮನಾಗಿ ಕೇಳಿಸಿಕೊಳ್ಳುತ್ತದೆ ಗಮನಿಸಿ. ನಮ್ಮ ಪಕ್ಷ ತಪ್ಪು ಅನ್ನಿಸಿದರೆ ಬರೆಯಿರಿ, ಜಗಳ ಮುಂದುವರಿಸೋಣ.