ಬೆನ್ನ ಮೇಲಿನ ಉಸಿರು: ಎರಡು ಕೊಳವೆಯ ಹಳೆಯ ರೆಗ್ಯುಲೇಟರಿನ ಕಥೆ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ನಿಂತು ಸಮುದ್ರದ ಮಾತೆತ್ತಿದರೆ ಕುರಿ ಕಾಯುವವರು ನಕ್ಕಾರು. ಹಿಂದೆ ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳ ಸೀಮೆಯಿದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅರಬ್ಬಿ ಸಮುದ್ರ ಇಲ್ಲಿಂದ ನೇರ ಗೆರೆ ಎಳೆದು ಅಳೆದರೂ ಇನ್ನೂರು ಕಿ.ಮೀ.ಗಿಂತ ದೂರ. ಆದರೆ ಈ ಸೀಮೆಯ ಅಡುಗೆಮನೆಗಳಿಗೂ ಒಂದು ಪದ ಬಂದು ಸೇರಿದೆ. ಗ್ಯಾಸ್ ಸಿಲಿಂಡರಿನ ತಲೆಯ ಮೇಲೆ ಕೂರುವ ರೆಗ್ಯುಲೇಟರ್! ಸಮುದ್ರದ ತಳದಲ್ಲಿ ಉಸಿರಾಡುವ ಮುಳುಗುಗಾರನ ಬಾಯಿಗೂ ಈ ಅಡುಗೆ ಅನಿಲಕ್ಕೂ ಒಂದು ಹಳೆಯ ನಂಟಿದೆ ಎಂದರೆ ಅನೇಕರು ನಂಬಲಾರರು.

ನಂಟಿನ ಕಥೆಗೆ ಮೊದಲು, ನೀರಿನಲ್ಲಿ ಉಸಿರಾಡಲು ಇಷ್ಟೆಲ್ಲ ಯಂತ್ರ ಏಕೆ ಬೇಕು ಎಂದು ನೋಡೋಣ. ಬಾವಿಯಲ್ಲಿ ಈಜು ಕಲಿತ ಹುಡುಗರಿಗೆ ಪಪ್ಪಾಯಿ ಎಲೆಯ ದಂಟಿನ ಆಟ ಗೊತ್ತು. ಒಳಗೆ ಟೊಳ್ಳಾದ ದಂಟನ್ನು ಬಾಯಲ್ಲಿ ಕಚ್ಚಿ, ತುದಿಯನ್ನು ನೀರಿನ ಮೇಲಿಟ್ಟು ಮುಳುಗುವುದು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಜಲಸ್ತಂಭ ವಿದ್ಯೆಯೇ ಕೈವಶವಾದಷ್ಟು ಸಂಭ್ರಮ! ಗೇಣು ಆಳದಲ್ಲಿ ಆಟ ನಡೆಯುತ್ತದೆ. ಉದ್ದನೆಯ ದಂಟು ಹಿಡಿದು ಒಂದು ಮೀಟರ್ ಕೆಳಗೆ ಹೋದರೆ ಎದೆ ಹಿಗ್ಗುವುದೇ ಇಲ್ಲ. ಎದೆಯ ಮುಂಭಾಗದ ಮೇಲೆ ಹತ್ತಿರ ಹತ್ತಿರ ಒಂದು ಕ್ವಿಂಟಲ್ ನೀರಿನ ಭಾರ ಬಿದ್ದಿರುತ್ತದೆ. ಎರಡು ಮೂಟೆ ಶೇಂಗಾ ಹೇರಿಕೊಂಡು ಮಲಗಿದ ಹಾಗೆ. ದಂಟಿನ ಗಾಳಿಗೆ ಆ ಭಾರವನ್ನು ಎದುರಿಸುವ ಬಲವಿಲ್ಲ. ಮುಳುಗಿದವನಿಗೆ ಬೇಕಾದದ್ದು ಬರಿಯ ಗಾಳಿಯಲ್ಲ, ಅವನಿರುವ ಆಳದ ನೀರಿನಷ್ಟೇ ಒತ್ತಡದ ಗಾಳಿ. ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು. ಆಳ ಬದಲಾದಂತೆ ತಾನೂ ಬದಲಾಗುತ್ತ, ಎಳೆದಾಗ ಮಾತ್ರ ಗಾಳಿ ಬಿಟ್ಟು, ಎಳೆಯದಿದ್ದಾಗ ಸುಮ್ಮನಿರುವ ಬಾಗಿಲು ಬೇಕು. ಆ ಬಾಗಿಲೇ ರೆಗ್ಯುಲೇಟರ್.

ಅದನ್ನು ಮೊದಲು ಮಾಡಿದವನು ಸಮುದ್ರದವನಲ್ಲ. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನ್ವಾ ರುಕೆರೋಲ್ 1860ರಲ್ಲಿ ಹಕ್ಕುಪತ್ರ ಪಡೆದ ವಾಲ್ವನ್ನು ಯೋಚಿಸಿದ್ದು ವಿಷಗಾಳಿ ತುಂಬಿದ ಗಣಿಗೆ ಇಳಿಯುವವರಿಗಾಗಿ. ನೌಕಾಪಡೆಯ ಅಧಿಕಾರಿ ಆಗಸ್ಟ್ ದೆನೆರೂಜ್ ಜತೆ ಸೇರಿ ನಾಲ್ಕಾರು ವರ್ಷಗಳಲ್ಲಿ ಅದನ್ನು ನೀರಿಗೆ ಒಗ್ಗಿಸಿದ. ಜೂಲ್ಸ್ ವರ್ನ್ ತನ್ನ ಸಮುದ್ರಗರ್ಭದ ಕಾದಂಬರಿಯ ನಾಯಕನಿಗೆ ತೊಡಿಸಿದ್ದೂ ಇದೇ ಉಪಕರಣದ ಸುಧಾರಿತ ರೂಪವನ್ನು. ಆದರೆ ಅಂದಿನ ಲೋಹದ ತೊಟ್ಟಿಗಳು ಹೆಚ್ಚಿನ ಒತ್ತಡ ತಾಳುತ್ತಿರಲಿಲ್ಲ. ಬೆನ್ನ ಮೇಲಿನ ಗಾಳಿ ಬೇಗ ಮುಗಿಯುತ್ತಿತ್ತು. ಮೇಲಿನ ದೋಣಿಯಿಂದ ಪಂಪು ಒತ್ತುವುದು ತಪ್ಪಲಿಲ್ಲ. ಒಳ್ಳೆಯ ವಿಚಾರವೊಂದು ಒಳ್ಳೆಯ ಸಿಲಿಂಡರ್ ಬರಲೆಂದು ಎಂಬತ್ತು ವರ್ಷ ಕಾಯಬೇಕಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ನಮ್ಮ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದ್ದನ್ನು ಹಿರಿಯರಿಂದ ಕೇಳಿದವರಿದ್ದಾರೆ. ಬಸ್ಸಿನ ಹಿಂಬದಿಗೆ ಡ್ರಮ್ಮಿನಂಥ ಒಲೆ, ಅದಕ್ಕೆ ಗಾಳಿ ಹಾಕಲು ಹಿಡಿಕೆ ತಿರುಗಿಸುವ ಕ್ಲೀನರ್, ಏರು ಬಂದರೆ ಇಳಿದು ನಡೆಯುವ ಪ್ರಯಾಣಿಕರು. ಜರ್ಮನರ ವಶದಲ್ಲಿದ್ದ ಪ್ಯಾರಿಸಿನಲ್ಲೂ ಅದೇ ಬರ. ಅಲ್ಲಿಯ ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್, ಮೋಟಾರಿನ ಎಂಜಿನ್ನಿಗೆ ಅಡುಗೆ ಅನಿಲವನ್ನು ಬೇಕಾದಷ್ಟೇ ಬಿಡುವ ಒಂದು ಪುಟ್ಟ ವಾಲ್ವ್ ರೂಪಿಸುತ್ತಿದ್ದ. 1942ರ ಡಿಸೆಂಬರಿನಲ್ಲಿ ಅವನನ್ನು ಹುಡುಕಿಕೊಂಡು ನೌಕಾಪಡೆಯ ಅಧಿಕಾರಿಯೊಬ್ಬ ಬಂದ. ಹೆಸರು ಜಾಕ್ ಈವ್ ಕೂಸ್ಟೊ. ಅವನ ಮಾವ ಅದೇ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದುದರಿಂದ ಭೇಟಿ ಸುಲಭವಾಯಿತು. ತನಗೆ ಬೇಕಾದ ಉಪಕರಣವನ್ನು ಕೂಸ್ಟೊ ವಿವರಿಸಿದಾಗ ಗಾನ್ಯಾನ್ ಮೇಜಿನ ಮೇಲಿದ್ದ ಆ ವಾಲ್ವನ್ನೇ ತೋರಿಸಿದನಂತೆ. ಎಂಜಿನ್ ಎಳೆದಷ್ಟು ಅನಿಲ, ಮನುಷ್ಯ ಎಳೆದಷ್ಟು ಗಾಳಿ. ಲೆಕ್ಕ ಒಂದೇ.

ಮುಂದಿನ ತಿಂಗಳು ಪ್ಯಾರಿಸಿನ ಹೊರವಲಯದ ಮಾರ್ನ್ ನದಿಯಲ್ಲಿ ಪರೀಕ್ಷೆ. ಕೊರೆಯುವ ಚಳಿ. ಅಡ್ಡವಾಗಿ ಈಜಿದಾಗ ಉಪಕರಣ ಚೆನ್ನಾಗಿಯೇ ನಡೆಯಿತು. ನೆಟ್ಟಗೆ ನಿಂತರೆ ಗಾಳಿ ತಾನಾಗಿ ಬುಳಬುಳನೆ ಸೋರಿಹೋಗುತ್ತಿತ್ತು. ತಲೆಕೆಳಗಾದರೆ ಎಳೆದರೂ ಬರುತ್ತಿರಲಿಲ್ಲ. ಏಕೆ? ಹಳೆಯ ರೆಗ್ಯುಲೇಟರುಗಳ ಸ್ವಾರಸ್ಯವೆಲ್ಲ ಈ ಪ್ರಶ್ನೆಯಲ್ಲೇ ಅಡಗಿದೆ.

ಗಾಳಿ ಬಿಡುವ ಪೆಟ್ಟಿಗೆ ಇದ್ದದ್ದು ಬೆನ್ನ ಮೇಲೆ. ಅದರೊಳಗಿನ ಡಯಾಫ್ರಾಂ ಎಂಬ ರಬ್ಬರಿನ ಪೊರೆ ತಾನಿರುವ ಆಳದ ಒತ್ತಡವನ್ನು ಅಳೆದು ಗಾಳಿ ಕಳಿಸುತ್ತದೆ. ಉಸಿರು ಹೊರಬೀಳುವ ಬಾಯಿ ಮಾತ್ರ ಬೇರೆ ಮಟ್ಟದಲ್ಲಿತ್ತು. ನೆಟ್ಟಗೆ ನಿಂತಾಗ ಅದು ಪೆಟ್ಟಿಗೆಗಿಂತ ಮೇಲೆ. ಅಲ್ಲಿ ನೀರಿನ ಒತ್ತಡ ತುಸು ಕಡಿಮೆ, ಹಾಗಾಗಿ ಗಾಳಿ ಸಲೀಸಾಗಿ ಓಡಿಹೋಗುತ್ತದೆ. ತಲೆಕೆಳಗಾದರೆ ಲೆಕ್ಕ ತಿರುಗುಮುರುಗು. ಅರ್ಧ ಅಡಿಯ ವ್ಯತ್ಯಾಸ ಸಾಕು. ಪರಿಹಾರ ಸರಳವಾಗಿತ್ತು: ಬಿಟ್ಟ ಉಸಿರನ್ನೂ ಇನ್ನೊಂದು ಕೊಳವೆಯಲ್ಲಿ ಬೆನ್ನಿಗೇ ಒಯ್ದು, ಡಯಾಫ್ರಾಂ ಪಕ್ಕದಲ್ಲೇ ಹೊರಬಿಡುವುದು. ಆಗ ಮನುಷ್ಯ ಹೇಗೆ ಮಗುಚಿದರೂ ಎರಡೂ ಒಂದೇ ಮಟ್ಟ. ಕತ್ತಿನ ಎರಡೂ ಬದಿಗೆ ಬಳಸಿ ಬರುವ, ಸುಕ್ಕುಸುಕ್ಕಾದ ಆ ಜೋಡಿ ಕೊಳವೆಗಳು ಹುಟ್ಟಿದ್ದು ಹೀಗೆ. ಬಲಗಡೆಯದು ಉಸಿರು ತರುವುದು, ಎಡಗಡೆಯದು ಒಯ್ಯುವುದು. 1943ರ ಜೂನ್ ಹೊತ್ತಿಗೆ ಕೂಸ್ಟೊ ಅದನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಸಿದ. ಯುದ್ಧ ಮುಗಿದ ಮೇಲೆ ಅದು ಅಂಗಡಿಗೆ ಬಂತು. ‘ಸಿಜಿ 45’ ಎಂಬ ಮೊದಲ ಮಾದರಿಯ ಹೆಸರಿನಲ್ಲಿರುವುದು ಕೂಸ್ಟೊ, ಗಾನ್ಯಾನ್ ಇಬ್ಬರ ಮೊದಲಕ್ಷರಗಳು. ಅಮೆರಿಕದಲ್ಲಿ ‘ಅಕ್ವಾ ಲಂಗ್’ ಎಂಬ ಹೆಸರು ನಿಂತಿತು. 1956ರ ಕೂಸ್ಟೊ ಚಿತ್ರ ‘ದಿ ಸೈಲೆಂಟ್ ವರ್ಲ್ಡ್’ ಕಾನ್‌ನಲ್ಲಿ ದೊಡ್ಡ ಪ್ರಶಸ್ತಿ ಪಡೆಯಿತು. ಅಮೆರಿಕದ ಟಿವಿಯಲ್ಲಿ 1958ರಿಂದ ಬಂದ ‘ಸೀ ಹಂಟ್’ ಧಾರಾವಾಹಿ ಜೋಡಿ ಕೊಳವೆಯ ಚಿತ್ರವನ್ನು ಮನೆಮನೆಗೆ ತಲುಪಿಸಿತು.

ಅಷ್ಟರಲ್ಲಿ ಅದರ ಕಾಲ ಮುಗಿಯುತ್ತ ಬಂದಿತ್ತು. ಮೆಲ್ಬರ್ನಿನ ಟೆಡ್ ಎಲ್ಡ್ರೆಡ್ ಎಂಬಾತ 1952ರಲ್ಲಿ ‘ಪಾರ್ಪಾಯಿಸ್’ ಎಂಬ ಹೊಸ ಬಗೆಯನ್ನು ಮಾರಾಟಕ್ಕೆ ತಂದ. ಒತ್ತಡ ಇಳಿಸುವ ಕೆಲಸವನ್ನು ಅವನು ಎರಡು ಭಾಗ ಮಾಡಿದ. ಒಂದು ಸಿಲಿಂಡರಿನ ಮೇಲೆ, ಇನ್ನೊಂದು ಬಾಯಲ್ಲಿ. ನಡುವೆ ಒಂದೇ ಸಣ್ಣ ಕೊಳವೆ. ಬಾಯಲ್ಲೇ ಡಯಾಫ್ರಾಂ, ಬಾಯಲ್ಲೇ ಹೊರಬಾಗಿಲು. ಮಟ್ಟದ ತಕರಾರೇ ಇಲ್ಲ! ಫ್ರೆಂಚರ ಕಂಪನಿ ಕೊನೆಗೆ ಅವನ ಉದ್ಯಮವನ್ನೇ ಕೊಂಡುಕೊಂಡಿತು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮುಳುಗುವವರು ಇಂದು ಬಾಯಲ್ಲಿ ಕಚ್ಚುವುದು ಎಲ್ಡ್ರೆಡ್ ದಾರಿಯ ಒಂಟಿ ಕೊಳವೆಯನ್ನೇ.

ಹಾಗಾದರೆ ಸೋತ ಉಪಕರಣವನ್ನು ಯಾರಿಗೆ ಬೇಕು? ಬೇಕಾದವರಿದ್ದಾರೆ. ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇವನ್ನು ಹುಡುಕಿ ಕೂಡಿಡುವವರ ದಂಡೇ ಇದೆ. ಬ್ರಿಟನ್ನಿನಲ್ಲಿ ಮುಳುಗುವಿಕೆಯ ಇತಿಹಾಸಕ್ಕೆಂದೇ 1990ರಲ್ಲಿ ಒಂದು ಸಂಘ ಹುಟ್ಟಿತು. 1955ರ ‘ಮಿಸ್ಟ್ರಾಲ್’, ಆಮೇಲಿನ ‘ಅಕ್ವಾಮಾಸ್ಟರ್’ ಇವರಿಗೆ ಪ್ರಿಯವಾದ ಹೆಸರುಗಳು. ಯಾರದೋ ಅಟ್ಟದಿಂದ ಇಳಿದು ಬರುವ ಈ ವಸ್ತು ನೋಡಲು ಒಂದರ ಮೇಲೊಂದು ಕವುಚಿದ ಎರಡು ಹಿತ್ತಾಳೆ ತಟ್ಟೆಗಳ ಹಾಗೆ. ಮೇಲೆ ಕ್ರೋಮಿಯಂ ಲೇಪ, ಕಂಪನಿಯ ಚೀಟಿ, ಕ್ರಮಸಂಖ್ಯೆ. ತೆರೆದರೆ ಒಳಗೆ ಹಸಿರು ಕಿಲುಬು. ಹಿತ್ತಾಳೆ ಅರ್ಧ ಶತಮಾನ ಬಾಳುತ್ತದೆ, ರಬ್ಬರ್ ಬಾಳುವುದಿಲ್ಲ. ಡಯಾಫ್ರಾಂ ಬಿರುಕು ಬಿಟ್ಟಿರುತ್ತದೆ, ಕೊಳವೆಗಳು ಕೈಯಲ್ಲೇ ಪುಡಿಯಾಗುತ್ತವೆ, ಉಸಿರು ಹೊರಬಿಡುವ ಬಾತುಕೋಳಿ ಕೊಕ್ಕಿನಂಥ ವಾಲ್ವ್ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಇಲ್ಲಿಂದ ಸಂಗ್ರಹಕಾರರಲ್ಲಿ ಎರಡು ಪಂಗಡ. ಒಬ್ಬರು ಇದ್ದದ್ದನ್ನು ಇದ್ದ ಹಾಗೆ ಗಾಜಿನ ಕಪಾಟಿನಲ್ಲಿ ಇಡುವವರು. ಇನ್ನೊಬ್ಬರು ಹೊಸ ಸಿಲಿಕೋನ್ ಪೊರೆ, ಹೊಸ ಕೊಳವೆ ಹಾಕಿ ನೀರಿಗೆ ಒಯ್ಯುವವರು.

ಕಪಾಟಿನವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಮೂಲ ಭಾಗ ಒಮ್ಮೆ ಹೋದರೆ ಹೋಯಿತು. ಲೇಪ ಹೋಗುವ ಹಾಗೆ ತಿಕ್ಕಿ ಫಳಫಳ ಮಾಡಿದ ಎಷ್ಟೋ ರೆಗ್ಯುಲೇಟರುಗಳು ತಮ್ಮ ಚರಿತ್ರೆಯನ್ನೇ ಕಳೆದುಕೊಂಡಿವೆ. ಆದರೂ ನನ್ನ ಒಲವು ನೀರಿನವರ ಕಡೆಗೆ. ಎರಡು ಕೊಳವೆ ಏಕೆ ಎಂಬುದು ಕಪಾಟಿನಲ್ಲಿ ಗೊತ್ತಾಗುವುದಿಲ್ಲ, ಮುಳುಗಿದಾಗ ಗೊತ್ತಾಗುತ್ತದೆ. ಬೋರಲಾಗಿ ಈಜುವಾಗ ಪೆಟ್ಟಿಗೆ ಶ್ವಾಸಕೋಶಕ್ಕಿಂತ ಮೇಲಿರುವುದರಿಂದ ಉಸಿರನ್ನು ತುಸು ಎಳೆದುಕೊಳ್ಳಬೇಕು. ಅಂಗಾತನಾದರೆ ಗಾಳಿ ತಾನೇ ನುಗ್ಗಿ ಬರುತ್ತದೆ. ಬಾಯಿಂದ ತೆಗೆದ ತುದಿಯನ್ನು ತಲೆಯ ಮೇಲೆ ಎತ್ತಿದರೆ ಭುಸ್ಸೆಂದು ಗಾಳಿ ಬಿಡುತ್ತದೆ, ಕೆಳಗಿಳಿಸಿದರೆ ಸುಮ್ಮನಾಗುತ್ತದೆ. ಕೊಳವೆಗೆ ನೀರು ಹೊಕ್ಕರೆ ಎಡಕ್ಕೆ ಹೊರಳಿ, ನೀರನ್ನು ಹೊರಗೊಯ್ಯುವ ಕೊಳವೆಗೆ ಇಳಿಸಿ, ಊದಿ ಖಾಲಿ ಮಾಡಬೇಕು. ಮಾರ್ನ್ ನದಿಯ ಆ ಪಾಠ ಪ್ರತಿ ಮುಳುಗಿನಲ್ಲೂ ಮೈಗೆ ತಿಳಿಯುತ್ತದೆ. ಇನ್ನೊಂದು ಲಾಭವೂ ಉಂಟು: ಗುಳ್ಳೆಗಳು ಮುಖದ ಮುಂದೆ ಏಳದೆ ಬೆನ್ನ ಹಿಂದೆ ಏಳುವುದರಿಂದ ಎದುರಿನ ನೋಟ ನಿಚ್ಚಳ. ನೀರಿನಲ್ಲಿ ಫೋಟೊ ತೆಗೆಯುವವರು ಇದನ್ನು ಬಹುಕಾಲ ಬಿಡದಿದ್ದುದಕ್ಕೆ ಇದೂ ಒಂದು ಕಾರಣ.

ಇಷ್ಟು ಹೇಳಿ ಸುಮ್ಮನಾದರೆ ಓದುಗರಿಗೆ ಅನ್ಯಾಯವಾದೀತು. ಇದು ಗ್ರಾಮಾಫೋನ್ ಅಲ್ಲ, ಕೆಟ್ಟರೆ ಹಾಡು ನಿಲ್ಲುವುದಿಲ್ಲ, ಉಸಿರು ನಿಲ್ಲುತ್ತದೆ. ಈಗಿನ ಉಪಕರಣದಲ್ಲಿ ಜತೆಗಾರನಿಗೆ ಕೊಡಲು ಇನ್ನೊಂದು ಬಾಯಿ, ಉಳಿದ ಗಾಳಿ ತೋರಿಸುವ ಗಡಿಯಾರದಂಥ ಮಾಪಕ, ತೇಲಲು ಗಾಳಿ ತುಂಬುವ ಜಾಕೆಟ್ಟಿನ ಕೊಳವೆ ಎಲ್ಲ ಇವೆ. ಹಳೆಯ ರೆಗ್ಯುಲೇಟರಿನಲ್ಲಿ ಇವುಗಳಿಗೆ ಜಾಗವೇ ಇಲ್ಲ. ಗಾಳಿ ಮುಗಿಯುವುದು ತಿಳಿಯುತ್ತಿದ್ದದ್ದು ಉಸಿರು ಬಿಗಿಯಾದಾಗ. ಆಗ ಸಿಲಿಂಡರಿನ ಕಂಬಿಯನ್ನು ಎಳೆದರೆ ಮೀಸಲು ಗಾಳಿ ಸಿಗುತ್ತಿತ್ತು. ಕಂಬಿ ಎಲ್ಲೋ ತಗುಲಿ ಮೊದಲೇ ಎಳೆದುಹೋಗಿದ್ದರೆ ಮೀಸಲೂ ಇಲ್ಲ. ಮೇಲಾಗಿ, ಅಮೆರಿಕದಲ್ಲಿ ಇವು ದುಡಿದದ್ದು ಚದರ ಇಂಚಿಗೆ 2,250 ಪೌಂಡ್ ಒತ್ತಡದ ಉಕ್ಕಿನ ಸಿಲಿಂಡರ್‌ಗಳ ಕಾಲದಲ್ಲಿ. ಈಗ ಸಾಮಾನ್ಯವಾಗಿರುವ ಅಲ್ಯುಮಿನಿಯಂ ಸಿಲಿಂಡರ್ 3,000 ಪೌಂಡಿನದು. ಹಳೆಯದನ್ನು ತಂದು ಹೊಸದಕ್ಕೆ ಸಿಕ್ಕಿಸಿ ನೀರಿಗೆ ಹಾರುವುದು ಶೌರ್ಯವಲ್ಲ. ಬಲ್ಲವರು ಬಿಚ್ಚಿ, ತೊಳೆದು, ರಬ್ಬರೆಲ್ಲ ಬದಲಿಸಿ, ಒತ್ತಡ ಅಳೆದು, ಮೊದಲು ಈಜುಕೊಳದಲ್ಲಿ ನೋಡಿ, ಆಮೇಲೂ ಆಳಕ್ಕೆ ಹೋಗದೆ, ಪಕ್ಕದಲ್ಲಿ ಹೊಸ ಉಪಕರಣದ ಜತೆಗಾರನನ್ನು ಇಟ್ಟುಕೊಂಡು ಬಳಸುತ್ತಾರೆ.

ಈ ಉಪಕರಣದಿಂದ ಇತಿಹಾಸಕ್ಕೆ ಆದ ಉಪಕಾರ ಸಣ್ಣದಲ್ಲ. ಟರ್ಕಿಯ ಕೇಪ್ ಗೆಲಿಡೋನ್ಯಾ ಬಳಿ ಮುಳುಗಿದ್ದ ಕಂಚಿನ ಯುಗದ ಹಡಗನ್ನು 1960ರಲ್ಲಿ ಜಾರ್ಜ್ ಬಾಸ್ ತಾನೇ ಮುಳುಗಿ ಉತ್ಖನನ ಮಾಡಿದ. ಅಲ್ಲಿಯತನಕ ಪುರಾತತ್ವಜ್ಞರು ದೋಣಿಯಲ್ಲಿ ಕುಳಿತು, ಮುಳುಗುವವರು ತಂದುಕೊಟ್ಟಿದ್ದನ್ನು ನೋಡುತ್ತಿದ್ದುದೇ ಹೆಚ್ಚು. ನಮ್ಮಲ್ಲಿ ಆ ಕೆಲಸದ ಮುಂದಾಳು ಕನ್ನಡಿಗರು. ಲೋಥಲ್ ಉತ್ಖನನದಿಂದ ಹೆಸರಾದ ಶಿಕಾರಿಪುರ ರಂಗನಾಥ ರಾವ್, ಎಸ್.ಆರ್. ರಾವ್ ಎಂದರೆ ಹೆಚ್ಚು ಜನಕ್ಕೆ ಗೊತ್ತು, ನಿವೃತ್ತಿಯ ವಯಸ್ಸಿನಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವವನ್ನು ಕಟ್ಟಿದರು. 1983ರಿಂದ ದ್ವಾರಕೆಯ ಕಡಲಲ್ಲಿ ಅವರ ತಂಡದ ಮುಳುಗುಗಾರರು ಗೋಡೆಯಂಥ ಕಲ್ಲಿನ ಸಾಲುಗಳನ್ನೂ ರಂಧ್ರ ಕೊರೆದ ಕಲ್ಲಿನ ಲಂಗರುಗಳನ್ನೂ ಗುರುತಿಸಿದರು. ಅವುಗಳ ಕಾಲದ ಬಗ್ಗೆ ರಾವ್ ಹೇಳಿದ್ದನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಆ ಚರ್ಚೆ ಅವರು 2013ರಲ್ಲಿ ತೀರಿಕೊಂಡ ಮೇಲೂ ಮುಗಿದಿಲ್ಲ. ಚರ್ಚೆ ಏನೇ ಇರಲಿ, ಲಂಗರನ್ನು ಕಣ್ಣಾರೆ ಕಂಡವರು ಕಚ್ಚಿ ಉಸಿರಾಡಿದ ರೆಗ್ಯುಲೇಟರಿಗೂ ಲಂಗರಿನ ಪಕ್ಕದಲ್ಲಿ ಒಂದು ಗೂಡು ಸಲ್ಲಬೇಕು. ಉತ್ಖನನದ ಗುದ್ದಲಿ, ಕರಣಿಗಳನ್ನು ಗುಜರಿಗೆ ಹಾಕುವ ಹಾಗೆ ಇದನ್ನೂ ಹಾಕಿದರೆ, ಸಮುದ್ರದಲ್ಲಿ ಆ ಕಾಲಕ್ಕೆ ಎಷ್ಟು ಹೊತ್ತು ಇರಬಹುದಿತ್ತು, ಎಷ್ಟು ನೋಡಬಹುದಿತ್ತು ಎಂದು ಮುಂದಿನವರು ಅಂದಾಜು ಮಾಡುವುದು ಹೇಗೆ?

ಅಂಥ ಗೂಡು ಕಡಲ ತೀರದಲ್ಲೇ ಇರಬೇಕೆಂದೂ ಇಲ್ಲ. ರುಕೆರೋಲನ ಹುಟ್ಟೂರು ಎಸ್ಪಾಲ್ಯೊಂ ಫ್ರಾನ್ಸಿನ ಒಳನಾಡಿನ ಪುಟ್ಟ ಪಟ್ಟಣ. ಸಮುದ್ರ ಅಲ್ಲಿಂದಲೂ ನೂರು ಕಿ.ಮೀ.ಗಿಂತ ದೂರ. ಮುಳುಗುಗಾರರ ಉಪಕರಣಗಳ ಮ್ಯೂಸಿಯಂ ಒಂದು ಇರುವುದು ಆ ಊರಿನಲ್ಲೇ. ಅಲ್ಲಿಯ ಹೊಳೆಯ ದಡದಲ್ಲಿ ತಾಮ್ರದ ಶಿರಸ್ತ್ರಾಣ ತೊಟ್ಟ ಮುಳುಗುಗಾರನ ಪ್ರತಿಮೆಯೂ ಇದೆ.